ನೋಟ ಯಾರ ಇಚ್ಛೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಣ್ಣುವುದು ತನ್ನ ನಾಲಗೆಗೆ ಒಪ್ಪುವಂತಿರಲಿ, ಉಡುವುದು ಮಾತ್ರ ನೋಡುವವರ ಕಣ್ಣಿಗೆ ಒಪ್ಪುವಂತಿರಲಿ ಎಂಬುದು ಇದರ ತಾತ್ಪರ್ಯ. ಗಾದೆಗಳಲ್ಲಿ ಹಿರಿಯರ ಅನುಭವ ಅಡಗಿರುತ್ತದೆಯಾದ್ದರಿಂದ ಅವನ್ನು ಒಮ್ಮೆಲೇ ತಳ್ಳಿಹಾಕುವುದು ವಿವೇಕವಲ್ಲ. ಸಾವಿನ ಮನೆಗೆ ಜರತಾರಿ ಉಟ್ಟು ಹೋಗುವವರನ್ನೂ ಮದುವೆಯ ಚಪ್ಪರಕ್ಕೆ ಕೊಳೆಬಟ್ಟೆಯಲ್ಲಿ ಬರುವವರನ್ನೂ ಯಾರೂ ಮೆಚ್ಚರು. ನಾಲ್ಕು ಜನರ ನಡುವೆ ಬಾಳುವವನು ಆ ನಾಲ್ವರ ಮನಸ್ಸನ್ನು ನೋಯಿಸದಂತೆ ಉಡಬೇಕು ಎಂಬಷ್ಟೇ ಗಾದೆಯ ಆಶಯವಾಗಿದ್ದರೆ ಅದರೊಡನೆ ಜಗಳವಿಲ್ಲ. ಆದರೆ ಬಳಕೆಯಲ್ಲಿ ಅದು ಅಷ್ಟಕ್ಕೇ ನಿಂತಿಲ್ಲ. ಪರರ ಇಚ್ಛೆ ಎಂಬುದು ಕ್ರಮೇಣ ಪರರ ಭಯವಾಗಿ ಪರಿಣಮಿಸಿದೆ. ಏನನ್ನು ಉಟ್ಟರೆ ಸಂತೋಷ ಎಂಬ ಪ್ರಶ್ನೆ ಹಿಂದೆ ಸರಿದು, ಏನನ್ನು ಉಟ್ಟರೆ ಮೈಯ ಕುಂದು ಮರೆಯಾದೀತು ಎಂಬ ಪ್ರಶ್ನೆ ಮುಂದೆ ಬಂದು ಕುಳಿತಿದೆ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆ ಎಂಬ ಹೋಬಳಿಯ ಊರಿದೆ. ಅದು ಮುಗಿಲ ಕಡೆ ಮುಖ ಮಾಡಿ ಬೇಸಾಯ ಮಾಡುವ ಸೀಮೆ. ಬರಗಾಲದ ಪರಿಚಯ ಅಲ್ಲಿಯ ಮಕ್ಕಳಿಗೂ ಉಂಟು. ಬಿಸಿಲಿನಲ್ಲಿ ಬಿತ್ತಿ, ಬಿಸಿಲಿನಲ್ಲಿ ಕಳೆ ಕಿತ್ತು, ಬಿಸಿಲಿನಲ್ಲೇ ಕಣ ಮಾಡುವ ಜನರ ಮೈ ಬಿಸಿಲಿನ ಬಣ್ಣಕ್ಕೇ ತಿರುಗಿರುತ್ತದೆ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಇಂಥ ಊರಿನ ಮನೆಯವರು ಯುಗಾದಿಗೋ ದೀಪಾವಳಿಗೋ ಬಟ್ಟೆ ತರಲು ಜಗಳೂರಿಗೋ ದಾವಣಗೆರೆಗೋ ಹೋಗುತ್ತಾರೆ. ಅಂಗಡಿಯ ಗಾದಿಯ ಮೇಲೆ ಬಟ್ಟೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಅಲ್ಲಿ ನಡೆಯುವ ಮಾತುಕತೆಗೆ ಕಿವಿಗೊಟ್ಟರೆ ವಿಷಯ ತಾನಾಗಿಯೇ ತಿಳಿಯುತ್ತದೆ. "ಈ ಕೆಂಪು ಬ್ಯಾಡವ್ವ, ಹುಡುಗಿ ಮೊದಲೇ ಕಪ್ಪು, ಇನ್ನಷ್ಟು ಕಪ್ಪು ಕಾಣ್ತಾಳೆ" ಎನ್ನುತ್ತಾಳೆ ಜೊತೆಗೆ ಬಂದ ಚಿಕ್ಕಮ್ಮ. "ಅಡ್ಡಗೆರೆ ಬ್ಯಾಡ, ದಪ್ಪ ಕಾಣ್ತಾಳೆ" ಎಂದು ಅಂಗಡಿಯವನು ದನಿಗೂಡಿಸುತ್ತಾನೆ. "ತೋಳು ಉದ್ದ ಇರಲಿ, ಕೈ ಕಡ್ಡಿಯಂಗಾಗ್ಯಾವೆ" ಎಂದು ತಾಯಿಯೂ ಸೇರಿಸುತ್ತಾಳೆ. ಎಲ್ಲರೂ ಪ್ರೀತಿಯಿಂದಲೇ ಆಡುವ ಮಾತುಗಳು ಇವು. ಕೊನೆಗೆ ಬೂದಿ ಬಣ್ಣದ ಯಾವುದೋ ಒಂದು ಬಟ್ಟೆ ಚೀಲ ಸೇರುತ್ತದೆ. ಅಷ್ಟು ಹೊತ್ತಿನ ಚರ್ಚೆಯಲ್ಲಿ ಆ ಹುಡುಗಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿದವರು ಒಬ್ಬರೂ ಇಲ್ಲ. ಬಟ್ಟೆಯ ಅಂಗಡಿಗೆ ಹೋದ ಹುಡುಗಿ ಹೊಸ ಬಟ್ಟೆಯೊಡನೆ ತನ್ನ ಮೈಯ ಮೂರು ಕುಂದುಗಳ ಪಟ್ಟಿಯನ್ನೂ ಹಿಡಿದುಕೊಂಡು ಮನೆಗೆ ಬರುತ್ತಾಳೆ. ಗಂಡುಮಕ್ಕಳಿಗೂ ಈ ಪಟ್ಟಿ ತಪ್ಪಿದ್ದಲ್ಲ. ಕುಳ್ಳನಿಗೊಂದು, ಸಣಕಲನಿಗೊಂದು ಇದ್ದೇ ಇರುತ್ತದೆ.

ಬಟ್ಟೆಯ ಕೆಲಸ ಮುಚ್ಚುವುದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು; ಚಳಿಯಿಂದ, ಬಿಸಿಲಿನಿಂದ, ಮುಳ್ಳಿನಿಂದ ಮೈಯನ್ನು ಮುಚ್ಚಲೆಂದೇ ಮನುಷ್ಯ ಬಟ್ಟೆಯನ್ನು ಕಂಡುಕೊಂಡ; ಮಾನವನ್ನು ಮುಚ್ಚುವುದೂ ಅದರ ಕೆಲಸವೇ. ಆದರೆ ಮೈಯನ್ನು ಕಾಪಾಡಲು ಮುಚ್ಚುವುದು ಬೇರೆ, ಮೈಯ ಬಗೆಗೆ ನಾಚಿ ಮುಚ್ಚುವುದು ಬೇರೆ. ಮೊದಲನೆಯದರಲ್ಲಿ ಬಟ್ಟೆ ಗೆಳೆಯನಾಗಿರುತ್ತದೆ. ಎರಡನೆಯದರಲ್ಲಿ ಅದು ಕಾವಲುಗಾರನಾಗುತ್ತದೆ. ಉಟ್ಟವರು ಸದಾ ಎಚ್ಚರದಿಂದಿರಬೇಕಾಗುತ್ತದೆ. ತೋಳು ಮೇಲೆ ಸರಿಯಿತೆ, ಸೆರಗು ಜಾರಿತೆ, ಯಾರಾದರೂ ನೋಡಿದರೆ ಎಂಬ ಚಿಂತೆಯಲ್ಲಿ ಹಬ್ಬದ ದಿನವೂ ಕಳೆದುಹೋಗುತ್ತದೆ. ಕುಂದನ್ನು ಮುಚ್ಚುವ ಈ ಉದ್ಯೋಗಕ್ಕೆ ಕೊನೆಯೆಂಬುದೂ ಇಲ್ಲ. ಒಂದನ್ನು ಮುಚ್ಚುವಷ್ಟರಲ್ಲಿ ಮತ್ತೊಂದು ಕಣ್ಣಿಗೆ ಬೀಳುತ್ತದೆ.

ಈ ಕುಂದುಗಳೆಲ್ಲ ಹುಟ್ಟಿನಿಂದ ಬಂದವುಗಳೆಂದೂ ತಿಳಿಯಬೇಕಾಗಿಲ್ಲ. ಅನೇಕವು ಹೊರಗಿನಿಂದ ಹೇಳಿಸಿಕೊಂಡವು; ಕೆಲವು ಮಾರಾಟಕ್ಕೆಂದೇ ಹುಟ್ಟಿಕೊಂಡವು. 'ಫೇರ್ ಅಂಡ್ ಲವ್ಲಿ' ಎಂಬ ಮುಖಲೇಪನ 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಬೆಳ್ಳಗಿರುವುದೂ ಸುಂದರವಾಗಿರುವುದೂ ಒಂದೇ ಎಂಬ ಭಾವನೆ ಅದರ ಹೆಸರಿನಲ್ಲೇ ಅಡಗಿತ್ತು. ಆ ಭಾವನೆಯನ್ನು ಅದೇ ಮೊದಲು ಹುಟ್ಟಿಸಿತೆಂದು ಹೇಳಲಾಗದು; ವಧುವಿನ ಬಣ್ಣವನ್ನು ವಿಚಾರಿಸುವ ಚಾಳಿ ಅದಕ್ಕಿಂತ ಹಳೆಯದು. ಆದರೆ ಹಳ್ಳಿಯ ಪೆಟ್ಟಿಗೆ ಅಂಗಡಿಯವರೆಗೆ ಅದನ್ನು ಹೊತ್ತು ತಂದುದರಲ್ಲಿ ಇಂಥ ಸರಕುಗಳ ಪಾಲು ದೊಡ್ಡದು. ನಾಲ್ವತ್ತೈದು ವರ್ಷಗಳ ಅನಂತರ, 2020ರಲ್ಲಿ, ಬೆಳ್ಳಗೆಂಬ ಅರ್ಥದ ಆ ಮಾತನ್ನು ಹೆಸರಿನಿಂದ ತೆಗೆದುಹಾಕಲಾಯಿತು. ಡಬ್ಬಿಯ ಮೇಲಿನ ಹೆಸರು ಒಂದು ದಿನದಲ್ಲಿ ಬದಲಾಗಬಲ್ಲದು. ಚಿಕ್ಕಮ್ಮನ ಬಾಯಿಯ ಮಾತು ಅಷ್ಟು ಬೇಗ ಬದಲಾಗುವಂಥದಲ್ಲ.

ಕಪ್ಪನ್ನು ಕುಂದೆಂದು ಬಗೆಯುವ ಮನೆಯಲ್ಲೇ ಕಪ್ಪನ್ನು ಪೂಜಿಸುವುದೂ ಉಂಟು. ಸೊಕ್ಕೆಯ ಸುತ್ತಲಿನ ಬಯಲಿನಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕರಿಯ ಕಂಬಳಿ ಇರುತ್ತದೆ. ಅದರ ಕಪ್ಪು ಕುರಿಯ ಮೈಯಿಂದಲೇ ಬಂದದ್ದು. ಬಣ್ಣದ ತೊಟ್ಟಿಯಿಂದ ಎದ್ದು ಬಂದದ್ದಲ್ಲ. ಉಣ್ಣೆಯನ್ನು ನೂತು, ಹಾಸಿಗೆ ಹುಣಸೆ ಬೀಜದ ಅಂಟನ್ನು ಸವರಿ, ಕುಳಿಮಗ್ಗದಲ್ಲಿ ನೇಯುತ್ತಾರೆ. ಮಳೆಗೆ ಅದೇ ಕೊಪ್ಪೆ, ಚಳಿಗೆ ಅದೇ ಹೊದಿಕೆ, ದಣಿದಾಗ ಅದೇ ಹಾಸಿಗೆ. ಬೀರಪ್ಪನ ಪೂಜೆಗೂ ಮೈಲಾರಲಿಂಗನ ಪೂಜೆಗೂ ಅದೇ ಗದ್ದಿಗೆ. ದೇವರು ಕುಳಿತುಕೊಳ್ಳಲು ಯೋಗ್ಯವಾದ ಬಣ್ಣ ಮನೆಯ ಮಗಳ ಮೈಮೇಲೆ ಮಾತ್ರ ಏಕೆ ಕುಂದಾಯಿತು?

ಮುಚ್ಚುವುದಕ್ಕೆ ಉಡದೆ ಮೆಚ್ಚಿದ್ದನ್ನು ಉಡುವುದು ಹೇಗಿರುತ್ತದೆಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಗಳಲ್ಲಿ ಲಂಬಾಣಿ ತಾಂಡಾಗಳು ಅನೇಕ ಇವೆ. ಬಂಜಾರ ಸಮುದಾಯದವರು ಪೂಜಿಸುವ ಸಂತ ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬುವ ಸ್ಥಳವಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಪ್ರತಿವರ್ಷ ಫೆಬ್ರುವರಿ ತಿಂಗಳ ನಡುವೆ ಅಲ್ಲಿ ನೆರೆಯುವ ಜಾತ್ರೆಯಲ್ಲಿ ಲಂಬಾಣಿ ಹೆಂಗಸರ ಉಡುಗೆಯನ್ನು ಅದರ ಪೂರ್ಣ ವೈಭವದಲ್ಲಿ ಕಾಣಬಹುದು. ಸುತ್ತು ಅಗಲವಾದ ಲಂಗಕ್ಕೆ ಫೇಟಿಯಾ ಎಂದು ಹೆಸರು. ರವಿಕೆಗೆ ಕಾಂಚಳಿ ಎನ್ನುತ್ತಾರೆ. ತಲೆಯಿಂದ ಬೆನ್ನಿನ ಮೇಲೆ ಇಳಿಯುವ ಮೇಲುಹೊದಿಕೆ ಬೇರೆ. ಕೆಂಪು, ಹಳದಿ, ನೀಲಿ, ಹಸುರು ತುಂಡುಗಳನ್ನು ಜೋಡಿಸಿ, ಅವುಗಳ ಮೇಲೆ ಕನ್ನಡಿಯ ಚೂರು, ಕವಡೆ, ಮಣಿ, ನಾಣ್ಯಗಳನ್ನು ಹೊಲಿದಿರುತ್ತಾರೆ. ಮುಂಗೈಯಿಂದ ತೋಳಿನವರೆಗೆ ಬಳೆಗಳು. ಕೆನ್ನೆಯ ಪಕ್ಕದಲ್ಲಿ ಕೂದಲಿಗೆ ಕಟ್ಟಿದ ಬೆಳ್ಳಿಯ ಕುಚ್ಚುಗಳು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ. ಇದನ್ನು ಉಡುವವರು ಬಹುಮಟ್ಟಿಗೆ ಬಿಸಿಲಿನಲ್ಲಿ ದುಡಿದ ಹೆಂಗಸರು. ಅಂಗಡಿಯ ಗಾದಿಯ ಮೇಲಿನ ನ್ಯಾಯದಂತೆ ನೋಡಿದರೆ ಇವರು ಉಡಬಾರದ ಬಣ್ಣಗಳನ್ನೆಲ್ಲ ಒಟ್ಟಿಗೆ ಉಟ್ಟಿದ್ದಾರೆ. ಆದರೂ ಜಾತ್ರೆಯ ಬಯಲಿನಲ್ಲಿ ಅವರು ನಡೆದು ಬಂದಾಗ ಅವರ ಮೈಬಣ್ಣದ ಲೆಕ್ಕ ಹಾಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಣ್ಣು ಬೇರೆಯದೇ ಕೆಲಸದಲ್ಲಿ ತೊಡಗಿರುತ್ತದೆ.

ಆ ಕನ್ನಡಿ ಚೂರುಗಳಿಗೆ ನಾನಾ ಕಾರಣಗಳನ್ನು ಹೇಳುವವರುಂಟು. ಕಾಡುದಾರಿಯಲ್ಲಿ ಮೃಗಗಳು ಬೆದರಲೆಂದು ಎಂಬುದು ಒಂದು. ಕೆಟ್ಟ ದೃಷ್ಟಿ ತಾಗದಿರಲೆಂದು ಎಂಬುದು ಮತ್ತೊಂದು. ಕಾರಣ ಯಾವುದೇ ಇರಲಿ, ದಿಟ್ಟಿಸಿ ನೋಡುವವನಿಗೆ ಅಲ್ಲಿ ಮೊದಲು ಕಾಣುವುದು ತನ್ನದೇ ಮುಖದ ಚೂರುಗಳು.

ಈ ಉಡುಗೆಯ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಎತ್ತುಗಳ ಬೆನ್ನ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶದ ಉದ್ದಗಲಕ್ಕೆ ಸಾಗಿಸುತ್ತಿದ್ದವರು ಬಂಜಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲುಗಳೂ ಬಂದಾಗ ಅವರ ಎತ್ತುಗಳಿಗೆ ಕೆಲಸವಿಲ್ಲದಾಯಿತು. 1871ರಲ್ಲಿ ಆಂಗ್ಲ ಸರ್ಕಾರ ಮಾಡಿದ ಅಪರಾಧಿ ಬುಡಕಟ್ಟುಗಳ ಕಾನೂನು ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಸಂಶಯಕ್ಕೆ ಗುರಿಮಾಡಿತು. ಅದು ರದ್ದಾದುದು ಸ್ವಾತಂತ್ರ್ಯ ಬಂದ ಅನಂತರ, 1952ರಲ್ಲಿ. ಸಂಶಯದ ಕಣ್ಣು ಸುತ್ತಲೂ ಇದ್ದ ಆ ಕಾಲದಲ್ಲಿ ಯಾರಿಗೂ ಕಾಣದಂತೆ ಉಡುವುದೇ ಕ್ಷೇಮವೆಂದು ಯಾರಿಗಾದರೂ ತೋರಬಹುದಾಗಿತ್ತು. ಲಂಬಾಣಿ ಹೆಂಗಸರು ಹಾಗೆ ಮಾಡಲಿಲ್ಲ. ಅರ್ಧ ಹರಿದಾರಿ ದೂರದಿಂದಲೇ ಇವರು ಇಂಥವರೆಂದು ತಿಳಿಯುವ ಉಡುಗೆಯನ್ನು ಹೊಲಿಯುತ್ತಲೇ ಬಂದರು, ಮಗಳಿಗೂ ಕಲಿಸಿದರು.

ಆದರೆ ಕಾನೂನು ಮಾಡಲಾರದ್ದನ್ನು ಬಸ್ಸಿನೊಳಗಿನ ಪಿಸುಮಾತು ಮಾಡಿತೆನ್ನಬೇಕು. ಇಂದು ತಾಂಡಾಗಳಲ್ಲಿ ಈ ಉಡುಗೆಯನ್ನು ನಿತ್ಯ ಉಡುವವರು ಹೆಚ್ಚಾಗಿ ವಯಸ್ಸಾದವರು. ಕಿರಿಯರು ಸೀರೆಗೋ ಚೂಡಿದಾರಿಗೋ ಬಂದಿದ್ದಾರೆ. ಇದನ್ನು ಕಂಡು, ಸಂಸ್ಕೃತಿ ನಾಶವಾಯಿತೆಂದು ಗೋಳಾಡುವ ಪಟ್ಟಣಿಗರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಕನ್ನಡಿ, ಕವಡೆ, ಲೋಹಗಳನ್ನು ಹೊತ್ತ ಆ ಉಡುಗೆ ಭಾರವಾದದ್ದು, ಒಗೆಯುವುದು ಕಷ್ಟ, ಹೊಲಿಯಲು ತಿಂಗಳುಗಳೇ ಬೇಕು. ಕೂಲಿಗೆ ಹೋಗುವವಳು, ಕಾಲೇಜಿನ ಬಸ್ಸು ಹಿಡಿಯುವವಳು ಹಗುರಾದ ಬಟ್ಟೆಯನ್ನು ಆರಿಸಿಕೊಂಡರೆ ಅದು ಅವಳ ಹಕ್ಕು. ಅವಳು ಪರಂಪರೆಯ ಗೊಂಬೆಯಾಗಿ ನಿಂತು ಪ್ರವಾಸಿಗರ ಛಾಯಾಚಿತ್ರಕ್ಕೆ ಒದಗಬೇಕೆಂದು ಒತ್ತಾಯಿಸುವ ಅಧಿಕಾರ ಯಾರಿಗೂ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ. ಅವಳು ಅದನ್ನು ಬಿಟ್ಟದ್ದು ಭಾರವೆಂದೋ, ನಾಚಿಕೆಯೆಂದೋ? ಭಾರವೆಂದು ಬಿಟ್ಟವಳು ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಹಬ್ಬಕ್ಕೆ ಹೊರತೆಗೆಯುತ್ತಾಳೆ. ನಾಚಿಕೆಯೆಂದು ಬಿಟ್ಟವಳಾದರೋ, ತನ್ನ ಅಜ್ಜಿ ಅದನ್ನು ಉಟ್ಟು ಶಾಲೆಯ ಬಾಗಿಲಿಗೆ ಬಂದಾಗ ಗೆಳತಿಯರ ಮುಂದೆ ಮುಖ ತಿರುಗಿಸುತ್ತಾಳೆ. ಮೊದಲನೆಯವಳು ಕಳೆದುಕೊಂಡದ್ದು ಏನೂ ಇಲ್ಲ. ಎರಡನೆಯವಳು ಕಳೆದುಕೊಂಡದ್ದು ಬಟ್ಟೆಯೊಂದನ್ನೇ ಅಲ್ಲ.

ಹೀಗೆ ಬಸ್ಸಿನಲ್ಲಿ ನಕ್ಕು ನೋಡಿದ ಅದೇ ಹೊಲಿಗೆ 2023ರ ಜುಲೈ ತಿಂಗಳಲ್ಲಿ ಜಗತ್ತಿನ ಮುಂದೆ ತೆರೆದುಕೊಂಡಿತು. ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1755 ಕಸೂತಿಯ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ದಾಖಲೆಯಿಂದಲೇ ಕಲೆಗೆ ಬೆಲೆ ಬಂದಿತೆಂದಲ್ಲ. ಹೊಲಿಗೆ ಮೊದಲೂ ಅದೇ ಇತ್ತು. ಬದಲಾದದ್ದು ನೋಡುವವರ ಕಣ್ಣು. ಪರರ ನೋಟ ಎಷ್ಟು ಚಂಚಲವಾದದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅದನ್ನು ನಂಬಿ ಉಡುವುದೆಂದರೆ ಗಾಳಿಕೋಳಿಯನ್ನು ನೋಡಿ ದಾರಿ ನಡೆದಂತೆ.

ಧಾರವಾಡದ ಕಡೆಯ ಕಸೂತಿಯದೂ ಇಂಥದೇ ಕಥೆ. ಅಲ್ಲಿಯ ಹೆಂಗಸರು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿಯಿಂದ ತಾವು ಕಂಡು ಮೆಚ್ಚಿದ್ದನ್ನೆಲ್ಲ ಬರೆದರು: ಗುಡಿಯ ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ನವಿಲು, ಮನೆಯ ತೊಟ್ಟಿಲು. ಚಂದ್ರಕಾಳಿ ಎಂಬ ಅಪ್ಪಟ ಕಪ್ಪು ಸೀರೆಯ ಮೇಲೆ ಈ ಕಸೂತಿ ತೆಗೆದು ಮದುವಣಗಿತ್ತಿಗೆ ಉಡಿಸುತ್ತಿದ್ದರು. ಕಪ್ಪು ಒಪ್ಪುತ್ತದೆಯೋ ಇಲ್ಲವೋ ಎಂದು ಮದುವಣಗಿತ್ತಿಯ ಮೈಬಣ್ಣವನ್ನು ಯಾರೂ ಅಳೆಯಲಿಲ್ಲ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿ ಎಂಬವು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಗಂಟು ಹಾಕುವ ಪದ್ಧತಿಯೇ ಇಲ್ಲ. ಹೊರಮೈಯಲ್ಲಿ ಚಂದ, ಒಳಮೈಯಲ್ಲಿ ಗೋಜಲು ಎಂಬುದು ಅದಕ್ಕೆ ತಿಳಿಯದು.

ಇಷ್ಟೆಲ್ಲ ಹೇಳಿದ ಮೇಲೆ, ಸಮುದಾಯದ ಉಡುಗೆಯೆಲ್ಲ ಪ್ರೀತಿಯಿಂದಲೇ ಹುಟ್ಟಿತೆಂದು ಭಾವಿಸುವುದೂ ತಪ್ಪು. ಪದ್ಧತಿಯು ಅಪ್ಪಣೆಯೂ ಆಗಬಲ್ಲದು. ಗಂಡ ಸತ್ತವಳು ಬಣ್ಣ ಬಿಡಬೇಕು, ಬಳೆ ಒಡೆಯಬೇಕು ಎಂಬ ಕಟ್ಟಳೆ ನಾಡಿನ ಅನೇಕ ಜಾತಿಗಳಲ್ಲಿ ಬಹುಕಾಲ ನಡೆಯಿತು. ಕೆಲವೆಡೆ ಇನ್ನೂ ಅಳಿದಿಲ್ಲ. ಅಲ್ಲಿ ಆ ಹೆಂಗಸಿನ ದುಃಖವನ್ನು ಅವಳ ಬಟ್ಟೆ ಹೇಳುತ್ತಿರಲಿಲ್ಲ, ಊರಿನ ಆಜ್ಞೆಯನ್ನು ಹೇಳುತ್ತಿತ್ತು. ಹಸುರು ಸೀರೆಯನ್ನು ಪ್ರೀತಿಸಿದವಳು ಮರುದಿನದಿಂದ ಅದನ್ನು ದ್ವೇಷಿಸಲು ಸಾಧ್ಯವೆ? ಹಾಗೆಯೇ, ಮೆಚ್ಚಿದ್ದನ್ನು ಉಡಬೇಕೆಂಬ ಮಾತನ್ನು ಹಿಡಿದು ಚಲನಚಿತ್ರದ ನಾಯಕ ತೊಟ್ಟ ಹರಕು ಜೀನ್ಸಿಗಾಗಿ ತಂದೆಯ ಎರಡು ವಾರದ ಕೂಲಿಯನ್ನು ಬೇಡುವ ಹುಡುಗನೂ ಇದ್ದಾನೆ. ಅವನು ಅದನ್ನು ನಿಜವಾಗಿ ಮೆಚ್ಚಿದನೋ, ಅದಿಲ್ಲದಿದ್ದರೆ ಗೆಳೆಯರು ಏನೆಂದಾರೆಂದು ಹೆದರಿದನೋ ಎಂಬುದನ್ನು ಅವನೇ ಹೇಳಬೇಕು. ಬಹಳ ವೇಳೆ ಅದು ಹಳೆಯ ಭಯವೇ. ಹೊಸ ಅಂಗಿಯನ್ನು ತೊಟ್ಟು ಬಂದಿರುತ್ತದೆ, ಅಷ್ಟೆ.

ಶಾಲೆಯ ಸಮವಸ್ತ್ರದ ಮಾತೂ ಇಲ್ಲಿ ಬರುತ್ತದೆ. ಎಲ್ಲರಿಗೂ ಒಂದೇ ಬಣ್ಣವಾದರೆ ಮೆಚ್ಚಿದ್ದನ್ನು ಉಡುವುದೆಲ್ಲಿ ಬಂತು? ಸಮವಸ್ತ್ರವೂ ಒಂದನ್ನು ಮುಚ್ಚುತ್ತದೆ. ಅದು ಮುಚ್ಚುವುದು ಮನೆಯ ಬಡತನವನ್ನು. ಸೊಕ್ಕೆಯಂಥ ಬರದ ಸೀಮೆಯಲ್ಲಿ ಆ ಮುಚ್ಚುವಿಕೆಯಲ್ಲಿ ಕರುಣೆಯಿದೆ, ಅದನ್ನು ಹೀಗಳೆಯಲಾಗದು. ದಿನಕ್ಕೆ ಆರೇಳು ಗಂಟೆಯ ಕಾಲ ಯಾರ ಬಟ್ಟೆ ಎಷ್ಟು ಬೆಲೆಯದೆಂಬ ಲೆಕ್ಕ ನಿಲ್ಲುವುದು ಸಣ್ಣ ಲಾಭವಲ್ಲ. ಸಮವಸ್ತ್ರದ ಹೊರಗೂ ದಿನದಲ್ಲಿ ಹೊತ್ತು ಉಳಿದೇ ಇರುತ್ತದೆ.

ಇನ್ನು, ಮುಚ್ಚಿಕೊಳ್ಳುವವರನ್ನು ದೂಷಿಸುವುದು ಎಂದಿಗೂ ಸಲ್ಲದು. ತೊನ್ನಿನಿಂದ ಚರ್ಮದ ಬಣ್ಣ ಅಲ್ಲಲ್ಲಿ ಹೋದ ಹುಡುಗನೊಬ್ಬ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಮುಂಗೈಯವರೆಗೆ ತೋಳಿನ ಅಂಗಿ ತೊಟ್ಟು ಬೆವರುತ್ತ ಕುಳಿತಿದ್ದರೆ, ಅವನಿಗೆ ಧೈರ್ಯವಿಲ್ಲವೆಂದು ಯಾರೂ ಹೇಳದಿರಲಿ. ತೊನ್ನು ಅಂಟುರೋಗವಲ್ಲ, ಮುಟ್ಟಿದರೆ ಬರುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ. ಇದನ್ನು ತಿಳಿಯದೆ ಪಕ್ಕದ ಬೆಂಚಿಗೆ ಸರಿದು ಕುಳಿತವರೇ ಅವನ ಅಂಗಿಯ ತೋಳನ್ನು ಅಷ್ಟು ಉದ್ದ ಮಾಡಿದವರು. ಅದನ್ನು ಮಡಿಸಿಕೊಳ್ಳುವ ದಿನ ಬೇಗ ಬರುವುದೂ ತಡವಾಗುವುದೂ ಅವನಿಗಿಂತ ಹೆಚ್ಚಾಗಿ ಅವರ ಕೈಯಲ್ಲಿದೆ.

2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಪ್ರಶಸ್ತಿಗಳ ಪ್ರದಾನ ನಡೆಯಿತು. ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅಂದು ಪದ್ಮಶ್ರೀಯನ್ನು ಸ್ವೀಕರಿಸಲು ನಡೆದು ಬಂದರು. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಳ ಕಾಲ ದುಡಿದು, ಅಸಂಖ್ಯಾತ ಗಿಡಗಳನ್ನು ಬೆಳೆಸಿದ ಹಾಲಕ್ಕಿ ಸಮುದಾಯದ ಹಿರಿಯ ಜೀವ ಅದು. ಹಾಲಕ್ಕಿ ಹೆಂಗಸರ ರೀತಿಯಲ್ಲಿ ಉಟ್ಟ ಸೀರೆ, ಕೊರಳ ತುಂಬ ಮಣಿಸರಗಳು, ಬರಿಗಾಲು. ಕೆಂಪು ರತ್ನಗಂಬಳಿಯ ಮೇಲೆ ಆ ಬರಿಗಾಲು ಹೆಜ್ಜೆಯಿಟ್ಟ ಚಿತ್ರ ಮರುದಿನ ಪತ್ರಿಕೆಗಳಲ್ಲೆಲ್ಲ ಬಂದಿತು. ದೆಹಲಿಗೆ ಹೋಗುವವರು ದೆಹಲಿಗೆ ಒಪ್ಪುವಂತೆ ಉಡಬೇಕೆಂದು ಗಾದೆ ಹೇಳೀತು. ಅಂದು ದೆಹಲಿಯೇ ಹೊನ್ನಳ್ಳಿಗೆ ಒಪ್ಪುವಂತೆ ಚಪ್ಪಾಳೆ ತಟ್ಟಿತು. ತುಳಸಿ ಗೌಡರು 2024ರ ಡಿಸೆಂಬರ್ 16ರಂದು ನಿಧನರಾದರು. ಅವರ ಉಡುಗೆಯನ್ನು ಧೈರ್ಯವೆಂದು ಕರೆದು ಹೊಗಳಿದವರು ಅನೇಕರು. ಆ ಹೊಗಳಿಕೆಯಲ್ಲಿ ಒಂದು ಸಣ್ಣ ದೋಷವಿದೆ. ನಿತ್ಯ ಉಡುವ ಬಟ್ಟೆಯನ್ನು ಉಟ್ಟುಕೊಂಡದ್ದು ಧೈರ್ಯವೆನಿಸಬೇಕಾದರೆ, ಭಯ ಯಾರಲ್ಲಿತ್ತು?

ಜಗಳೂರಿನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಬಟ್ಟೆಗಳು ಮುಂದಿನ ಹಬ್ಬಕ್ಕೂ ಬಿಚ್ಚಿಕೊಳ್ಳುತ್ತವೆ. ಚಿಕ್ಕಮ್ಮ ಬಂದಿರುತ್ತಾಳೆ, ತಾಯಿ ಬಂದಿರುತ್ತಾಳೆ, ಅಂಗಡಿಯವನು ಕೈಯಲ್ಲಿ ಅಳತೆಗೋಲು ಹಿಡಿದಿರುತ್ತಾನೆ. ಹುಡುಗಿಯ ಕಣ್ಣು ಕೆಂಪು ಬಟ್ಟೆಯ ಕಡೆಗೆ ಹೋಗಿ ಬರುತ್ತದೆ. "ನಿನಗ ಯಾವುದು ಬೇಕವ್ವ?" ಎಂದು ಕೇಳಲು ಹಣ ಬೇಕಾಗಿಲ್ಲ, ಎರಡೂ ಬಟ್ಟೆಯ ಬೆಲೆ ಒಂದೇ.